ಖಾಲಿ ಅಂಗಡಿ ಮೂರು ತಿಂಗಳು ಕಲಾವಿದರಿಗೆ ಕೊಟ್ರೆ ಮಾಲೀಕರಿಗೆ ನಷ್ಟವೇ? ಇಲ್ಲಿದೆ ಪೂರ್ತಿ ಮಾಹಿತಿ

ಬೈಲಹೊಂಗಲ: ಸಂಜೆ ಬಜಾರದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಎಷ್ಟು ಶಟರ್ ಮೇಲೆ ‘ಬಾಡಿಗೆಗೆ ಇದೆ’ ಅಂತ ಚೀಟಿ ಅಂಟಿಸಿದ್ದಾರೆ ನೀವೇ ಎಣಿಸಿ. ಸವದತ್ತಿ, ರಾಮದುರ್ಗ, ಕಿತ್ತೂರಿಗೆ ಹೋದರೂ ಹೊಸ ಕಾಂಪ್ಲೆಕ್ಸ್‌ನ ಮೊದಲ ಮಹಡಿಯಲ್ಲಿ ಅದೇ ಚೀಟಿ ಕಾಣ್ತದೆ. ಕೆಳಗಿನ ಮಳಿಗೆ ಹೇಗೋ ಹೋಗ್ತವೆ, ಮೇಲಿನವು ಉಳೀತಾವೆ.

ಅಂಗಡಿ ಖಾಲಿ ಇದ್ದರೂ ಖರ್ಚು ಮಾತ್ರ ಖಾಲಿ ಇರೋದಿಲ್ಲ. ಆಸ್ತಿ ತೆರಿಗೆ ಕಟ್ಟಬೇಕು. ಮೀಟರ್ ಇದ್ದ ಮೇಲೆ ಒಂದು ಯೂನಿಟ್ ಉರಿಸದಿದ್ದರೂ ಹೆಸ್ಕಾಂನ ನಿಗದಿತ ಶುಲ್ಕ ಬರ್ತದೆ. ಶಟರ್ ತುಕ್ಕು ಹಿಡೀತದೆ, ಒಳಗೆ ಇಲಿ ಸೇರ್ತಾವೆ. ಎರಡು ಅಂಗಡಿ ಮುಚ್ಚಿದ ಸಾಲಿನಲ್ಲಿ ಮೂರನೆಯವನ ವ್ಯಾಪಾರವೂ ಇಳಿಯುತ್ತದೆ, ಇದು ಯಾವ ವ್ಯಾಪಾರಿಗೂ ಹೇಳಿಕೊಡಬೇಕಾದ ಮಾತಲ್ಲ.

ಇಂಥ ಅಂಗಡಿಗಳನ್ನು ಬಾಡಿಗೆದಾರ ಸಿಗೋತನಕ ಚಿತ್ರಕಾರರಿಗೆ, ಮೂರ್ತಿ ಮಾಡುವವರಿಗೆ, ನೇಕಾರರಿಗೆ ಕೆಲಸದ ಜಾಗವಾಗಿ ಕೊಡುವ ಪದ್ಧತಿ ಹೊರದೇಶಗಳಲ್ಲಿದೆ. ಹೆಸರು ದೊಡ್ಡದಿರಬಹುದು, ಆದರೆ ನಮಗೆ ಹೊಸದೇನಲ್ಲ. ಶ್ರಾವಣ ಬಂತಂದ್ರೆ ಗಣಪತಿ ಮಾಡುವವರು ಒಂದು ಖಾಲಿ ಮಳಿಗೆಯನ್ನೋ ಶೆಡ್ಡನ್ನೋ ಹಿಡಿದು, ಚೌತಿ ಮುಗಿದ ಮೇಲೆ ಬಿಟ್ಟು ಹೋಗ್ತಾರಲ್ಲ, ಅದೇ ಇದು. ವರ್ಷದಲ್ಲಿ ಉಳಿದ ಹತ್ತು ತಿಂಗಳು ಯಾಕೆ ಆಗಬಾರದು ಅನ್ನೋದಷ್ಟೇ ಪ್ರಶ್ನೆ.

ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಎಂಬ ಊರು. 1989 ರಲ್ಲಿ ಭೂಕಂಪ ಆಯ್ತು. 1999 ರಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬಂದ್ ಆಯ್ತು. ಹಳೇ ಪೇಟೆ ಬಿಕೋ ಅನ್ನತೊಡಗಿತು. ಅದೇ ಊರಿನ ಮಾರ್ಕಸ್ ವೆಸ್ಟ್‌ಬರಿ ಎಂಬುವವರು ಎರಡು ಮುಖ್ಯ ರಸ್ತೆಗಳಲ್ಲಿ ನಡೆದು ಎಣಿಸಿದಾಗ ಸುಮಾರು 150 ಕಟ್ಟಡ ಖಾಲಿ ಸಿಕ್ಕವು. 2008 ರಲ್ಲಿ ಅವರು ‘ರಿನ್ಯೂ ನ್ಯೂಕ್ಯಾಸಲ್’ ಎಂಬ ಸಂಸ್ಥೆ ಕಟ್ಟಿದರು. ಅದು ಕಟ್ಟಡ ಕೊಳ್ಳಲಿಲ್ಲ, ಲೀಸ್‌ಗೂ ಹಿಡಿಯಲಿಲ್ಲ. ಮಾಲೀಕರ ಹತ್ತಿರ ಹೋಗಿ ಕೇಳಿದ್ದು ಇಷ್ಟೇ: ಬಾಡಿಗೆ ಕೊಡೋರು ಸಿಗುವವರೆಗೆ ಜಾಗ ಬಳಸ್ತೇವೆ, ಗುಡಿಸಿ ಸಾರಿಸಿ ಇಟ್ಕೋತೇವೆ, ವಿಮೆ ನಾವೇ ಮಾಡಿಸ್ತೇವೆ, 30 ದಿನದ ನೋಟಿಸ್ ಕೊಟ್ರೆ ಖಾಲಿ ಮಾಡ್ತೇವೆ. ಆ 30 ದಿನದ ಮಾತಿನ ಮೇಲೆಯೇ ಎಲ್ಲಾ ನಿಂತಿತ್ತು. ಕಲಾವಿದರು ಬಂದರು, ಅವರನ್ನು ನೋಡೋಕೆ ಜನ ಬಂದರು, ಚಹಾದ ಅಂಗಡಿಗಳು ತೆರೆದವು. 2011 ರ ಹೊತ್ತಿಗೆ ‘ಲೋನ್ಲಿ ಪ್ಲಾನೆಟ್’ ಪ್ರವಾಸಿ ಪುಸ್ತಕ ಜಗತ್ತಿನ ಹತ್ತು ಉತ್ತಮ ನಗರಗಳ ಪಟ್ಟಿಯಲ್ಲಿ ಆ ಊರನ್ನು ಸೇರಿಸಿತು. ಸಂಸ್ಥೆ 2019 ರಲ್ಲಿ ಕೆಲಸ ನಿಲ್ಲಿಸಿತು.

ಇನ್ನೊಂದು ಮಾತೂ ಹೇಳಬೇಕು. ಪೇಟೆಗೆ ಕಳೆ ಬಂದ ಮೇಲೆ ಬಾಡಿಗೆ ಏರ್ತದೆ, ಆಗ ಮೊದಲು ಹೊರಗೆ ಹೋಗೋರು ಕಲಾವಿದರೇ. ‘ತಾತ್ಕಾಲಿಕ’ ಎಂಬ ಪದದ ಭಾರ ಹೆಚ್ಚಾಗಿ ಅವರ ತಲೆ ಮೇಲೇ ಬೀಳೋದು.

ನಮ್ಮ ಹತ್ತಿರದ ಉದಾಹರಣೆ ಬೇಕಂದ್ರೆ ಕೊಚ್ಚಿ. 2012 ರ ಡಿಸೆಂಬರ್ 12 ರಂದು ಅಲ್ಲಿ ಬಿಯೆನಾಲೆ ಕಲಾ ಪ್ರದರ್ಶನ ಶುರುವಾದಾಗ ಚಿತ್ರ, ಶಿಲ್ಪ ಇಟ್ಟಿದ್ದು ಹೊಸ ಗ್ಯಾಲರಿಯಲ್ಲಲ್ಲ. ಆಸ್ಪಿನ್‌ವಾಲ್ ಹೌಸ್, ಪೆಪ್ಪರ್ ಹೌಸ್‌ನಂಥ ಹಳೇ ವ್ಯಾಪಾರಿಗಳ ಗೋದಾಮುಗಳಲ್ಲಿ. ಬೈಲಹೊಂಗಲದ ಹತ್ತಿ ಪೇಟೆ ನೋಡಿದವರಿಗೆ ಗೋದಾಮು ಅಂದ್ರೇನು ಅಂತ ಹೇಳಬೇಕಿಲ್ಲ.

ಆದರೆ ನಮ್ಮ ಕಡೆ ಮಾಲೀಕರ ಮೊದಲ ಪ್ರಶ್ನೆ ಒಂದೇ: ‘ಒಳಗ ಬಂದಾವ ಹೊರಗ ಹೋಗದಿದ್ರ?’ ಈ ಹೆದರಿಕೆ ಸುಳ್ಳಲ್ಲ. ಅದಕ್ಕೇ ಕಾಗದ ಹೇಗೆ ಮಾಡಬೇಕು ಅನ್ನೋದು ಮುಖ್ಯ.

ಬಾಡಿಗೆ ಕರಾರು ಬೇರೆ, ಪರವಾನಗಿ ಅಂದ್ರೆ ಲೈಸೆನ್ಸ್ ಕರಾರು ಬೇರೆ. ಬಾಡಿಗೆ ಕೊಟ್ಟರೆ ಆ ಜಾಗದ ಸ್ವಾಧೀನದ ಹಕ್ಕು ಬಾಡಿಗೆದಾರನಿಗೆ ಹೋಗ್ತದೆ. ಲೈಸೆನ್ಸ್ ಕೊಟ್ಟರೆ ಬಳಸೋಕೆ ಅನುಮತಿ ಮಾತ್ರ, ಸ್ವಾಧೀನ ಮಾಲೀಕರದ್ದೇ. 1882 ರ ಈಸ್‌ಮೆಂಟ್ಸ್ ಕಾಯ್ದೆಯ 52 ನೇ ಕಲಂ ಇದನ್ನು ವಿವರಿಸುತ್ತದೆ. 60 ನೇ ಕಲಂ ಪ್ರಕಾರ ಮಾಲೀಕರು ಲೈಸೆನ್ಸ್ ವಾಪಸ್ ಪಡೀಬಹುದು. ಆದರೆ ಒಂದು ಗಂಟು ಇದೆ. ಲೈಸೆನ್ಸ್ ನಂಬಿ ಆತ ತನ್ನ ದುಡ್ಡಿನಿಂದ ಕಾಯಂ ಕಾಮಗಾರಿ ಮಾಡಿಸಿದ್ದರೆ ವಾಪಸ್ ಪಡೆಯೋದು ಆಗೋದಿಲ್ಲ. ಆದ್ದರಿಂದ ಗೋಡೆ ಕಟ್ಟೋದು, ಭಟ್ಟಿ ಹಾಕೋದು, ಫರಸಿ ಹಾಸೋದು ಬೇಡ ಅಂತ ಕರಾರಿನಲ್ಲೇ ಬರೆಸಿ.

ಮೇಲೆ ‘ಲೈಸೆನ್ಸ್’ ಅಂತ ತಲೆಬರಹ ಹಾಕಿದ ಮಾತ್ರಕ್ಕೆ ಅದು ಲೈಸೆನ್ಸ್ ಆಗೋದಿಲ್ಲ. ಕಾಗದದ ಹೆಸರಿಗಿಂತ ಒಳಗಿನ ತಿರುಳು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1959 ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲೇ ಹೇಳಿದೆ. ಆದ್ದರಿಂದ ಒಂದು ಕೀಲಿ ಮಾಲೀಕರ ಹತ್ತಿರ ಇರಲಿ, ಆಗಾಗ ಹೋಗಿ ನೋಡುವ ಹಕ್ಕು ಬರೆದಿರಲಿ, ಅವಧಿ ಮತ್ತು ನೋಟಿಸ್ ದಿನ ಸ್ಪಷ್ಟವಿರಲಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ರ ಬಗ್ಗೆ ಹೆದರೋರು ಇದನ್ನು ಗಮನಿಸಿ: 14 ಚದರ ಮೀಟರ್‌ಗಿಂತ ದೊಡ್ಡ ವಾಣಿಜ್ಯ ಮಳಿಗೆಗೆ ಅದು ಅನ್ವಯಿಸೋದೇ ಇಲ್ಲ. ಹತ್ತಕ್ಕೆ ಹದಿನೈದು ಅಡಿ ಅಂಗಡಿ ಅಂದ್ರೆ ಸರಿಯಾಗಿ ಆ ಗಡಿಯಲ್ಲೇ ಬರ್ತದೆ. ಅಂಥ ಸಣ್ಣ ಅಂಗಡಿ ಇದ್ದವರು ಸಹಿ ಹಾಕೋಕೆ ಮೊದಲು ವಕೀಲರನ್ನು ಕೇಳೋದು ಒಳ್ಳೇದು. ಪುರಸಭೆ ಮಳಿಗೆ ಹರಾಜಿನಲ್ಲಿ ಹಿಡಿದವರು ಮಾತ್ರ ತಮ್ಮಷ್ಟಕ್ಕೆ ತಾವೇ ಬೇರೆಯವರಿಗೆ ಕೊಡೋಕೆ ಹೋಗಬೇಡಿ, ಮೊದಲು ಪುರಸಭೆಯನ್ನು ಕೇಳಿ.

ಇನ್ನು, ತಗೊಳ್ಳೋರು ಯಾರಿದ್ದಾರೆ ಅಂತೀರಾ? ನಾನು ಡಿಗ್ರಿ ಅರ್ಧಕ್ಕೆ ಬಿಟ್ಟು ಒಂದಿಷ್ಟು ದಿನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡ್ತಿದ್ದೆ. ಹಿಂದೆ ಊರಿನ ಬೋರ್ಡೆಲ್ಲಾ ಕೈಯಲ್ಲಿ ಬರೀತಿದ್ದ ಪೇಂಟರ್ ಒಬ್ಬರು ತಮ್ಮ ಮಗನ ಮದುವೆಗೆ ಫ್ಲೆಕ್ಸ್ ಮಾಡಿಸೋಕೆ ನನ್ನ ಹತ್ತಿರ ಬಂದಿದ್ದರು. ಅಕ್ಷರ ನೋಡಿ ‘ಇಷ್ಟು ದಪ್ಪ ಬ್ಯಾಡೋ ತಮ್ಮಾ’ ಅಂದರು. 2016 ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು, ಆದರೂ ಕುಂಚಕ್ಕೆ ಕೆಲಸ ತಿರುಗಿ ಬರಲಿಲ್ಲ. ಅಂಥವರಿದ್ದಾರೆ. ಧಾರವಾಡ, ಗದಗ ಕಡೆ ಚಿತ್ರಕಲೆ ಕಲಿತು ಬಂದು ಮನೆಯ ಪಡಸಾಲೆಯಲ್ಲಿ ಕ್ಯಾನ್ವಾಸ್ ಸುತ್ತಿಟ್ಟ ಹುಡುಗರಿದ್ದಾರೆ. ರಾಮದುರ್ಗ, ಸುರೇಬಾನ ಕಡೆ ನೇಕಾರರಿದ್ದಾರೆ. ಅವರ ಮಗ್ಗ ಮನೆಯೊಳಗೇ ಇದೆ, ರಸ್ತೆಯಲ್ಲಿ ಹೋಗೋರಿಗೆ ಕಾಣೋದಿಲ್ಲ. ಒಂದು ಮಗ್ಗ ಬಜಾರದ ಮಳಿಗೆಯಲ್ಲಿ ಸದ್ದು ಮಾಡಿದ್ರೆ ಜನ ನಿಂತು ನೋಡದೆ ಹೋಗ್ತಾರಾ? ಸಂಗ್ಯಾ-ಬಾಳ್ಯಾ ಆಟದ ಕಥೆ ಹುಟ್ಟಿದ ಬೈಲಹೊಂಗಲದಲ್ಲಿ ಸಣ್ಣಾಟದ ತಾಲೀಮಿಗೂ ಒಂದು ಕೋಣೆ ಬೇಕೇ ಬೇಕು. ರಾತ್ರಿ ಡಪ್ಪಿನ ಸದ್ದಿಗೆ ಪಕ್ಕದವರು ಏನಂತಾರೆ ಅನ್ನೋದು ಬೇರೆ ಮಾತು!

ಎಲ್ಲಾ ಕಡೆ ನಡೀತದೆ ಅಂತ ನಾನು ಹೇಳೋದಿಲ್ಲ. ಕೊಳ್ಳೋರಿಲ್ಲದ ಊರಲ್ಲಿ ಚಿತ್ರ ಬರೆದು ಗೋಡೆಗೆ ಹಚ್ಚಿದ್ರೆ ಹೊಟ್ಟೆ ತುಂಬೋದಿಲ್ಲ. ಅದಕ್ಕೆ ಜನ ಬರುವ ದಿನ ನೋಡಿ ಶುರು ಮಾಡಬೇಕು. ಸವದತ್ತಿಯಲ್ಲಿ ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆವರೆಗೆ ಯಲ್ಲಮ್ಮನ ಗುಡ್ಡಕ್ಕೆ ಜನ ಬರ್ತಾನೇ ಇರ್ತಾರೆ. ಕಿತ್ತೂರು ಉತ್ಸವ ಅಕ್ಟೋಬರ್ 23 ರಿಂದ. ರಾಣಿ ಚನ್ನಮ್ಮನ ಮೂರ್ತಿ, ಕೋಟೆಯ ಚಿತ್ರ ಕೈಯಲ್ಲಿ ಮಾಡಿದ್ದು ಸಿಗ್ತದಾ ಅಂತ ಕೇಳುವ ಪ್ರವಾಸಿಗೆ ತೋರಿಸೋಕೆ ಒಂದು ತೆರೆದ ಬಾಗಿಲು ಸಾಕು. ಆ ಬಾಗಿಲು ಅಕ್ಟೋಬರಿನಲ್ಲಿ ತೆರೆದಿರಬೇಕಂದ್ರೆ ಮಾಲೀಕರ ಜೊತೆ ಮಾತು ಗಣಪತಿ ಹಬ್ಬದ ಹೊತ್ತಿಗೇ ಆಗಬೇಕು.