ಉದಾಹರಣೆಗೆ ಯಾರ ಹೆಸರು ಬರೆಯಬೇಕು?

ಚಾಮರಾಜನಗರದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಗೂಢಲಿಪಿಯ ಪಾಠ ತೆರೆದರೆ ಮೊದಲು ಎದುರಾಗುವವರು ಆಲಿಸ್ ಮತ್ತು ಬಾಬ್. ಗುಂಡ್ಲುಪೇಟೆಯಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಕೂತ ಹುಡುಗಿಗೆ ಆರಂಭದಲ್ಲೇ ಫೂ, ಬಾರ್ ಎಂಬ ವಿಚಿತ್ರ ಹೆಸರುಗಳು ಸಿಗುತ್ತವೆ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯ ಪತ್ರಲೇಖನದಲ್ಲಿ ಇಂಥ ಊರಿನ ಇಂಥ ಶಾಲೆಯ ಕಿರಣ್ ಅಥವಾ ಕಾವ್ಯ ಎಂದು ಭಾವಿಸಿಕೊಂಡು ಬರೆಯಿರಿ ಎನ್ನುತ್ತಾರೆ. ಇವೆಲ್ಲ ಮಾದರಿ ಹೆಸರುಗಳು. ಇವನ್ನು ಬಳಸುವವರು ಬಹಳ ಮಂದಿ, ಇವು ಯಾಕಿವೆ ಎಂದು ಯೋಚಿಸಿದವರು ಕಡಿಮೆ. ಹಾಗಾಗಿ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ. ಅವುಗಳಲ್ಲಿ ಒಂದೆರಡು ನಿಜವಾದ ಜನರಿಗೆ ತೊಂದರೆ ಕೊಡುವಂಥವು.

ತಪ್ಪು ಕಲ್ಪನೆ: ಇದು ಪರದೇಶದ ಕಂಪ್ಯೂಟರ್ ಮಂದಿ ಕಲಿಸಿದ ಚಾಳಿ

ವಾಸ್ತವ: ಈ ಪದ್ಧತಿ ನಮ್ಮ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಸಂಸ್ಕೃತ ವ್ಯಾಕರಣಕ್ಕೆ ಪತಂಜಲಿ ಬರೆದ ಮಹಾಭಾಷ್ಯದಲ್ಲಿ ದೇವದತ್ತ, ಯಜ್ಞದತ್ತ ಎಂಬವರು ಮತ್ತೆ ಮತ್ತೆ ಬರುತ್ತಾರೆ. ದೇವದತ್ತ ಅನ್ನ ಬೇಯಿಸುತ್ತಾನೆ, ಊರಿಗೆ ಹೋಗುತ್ತಾನೆ, ಬರುತ್ತಾನೆ. ಮೀಮಾಂಸಕರ ಕೈಗೆ ಸಿಕ್ಕ ಮೇಲೆ ಅವನೇ ದಪ್ಪಗಾಗುತ್ತಾನೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ ಎಂದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬ ತರ್ಕವನ್ನು ಅವನ ಹೊಟ್ಟೆಯ ಮೇಲೆಯೇ ಕಲಿಸಿದರು. ಅವನು ಯಾವ ಊರಿನವನು, ಯಾರ ಮಗ ಎಂದು ಯಾವ ಶಿಷ್ಯನೂ ಕೇಳಲಿಲ್ಲ. ಕೇಳುವ ಅಗತ್ಯ ಬೀಳಬಾರದು ಎಂಬುದಕ್ಕೇ ಆ ಹೆಸರು. ಕನ್ನಡ ಶಾಲೆಯಲ್ಲಿ ರಾಮನು, ರಾಮನನ್ನು, ರಾಮನಿಂದ ಎಂದು ವಿಭಕ್ತಿ ಒಪ್ಪಿಸಿದವರೆಲ್ಲ ಇದೇ ದಾರಿಯಲ್ಲಿ ನಡೆದವರು. ಪುರೋಹಿತರ ಪ್ರಯೋಗದ ಪುಸ್ತಕದಲ್ಲಿ ಸಂಕಲ್ಪಕ್ಕೆ ‘ಅಮುಕ’ ಗೋತ್ರ ಎಂದೇ ಅಚ್ಚಾಗಿರುತ್ತದೆ. ಆ ಜಾಗದಲ್ಲಿ ನಿಮ್ಮ ಗೋತ್ರ ಹೇಳಿಕೊಳ್ಳಿ ಎಂದರ್ಥ.

ಕಾನೂನಿನಲ್ಲೂ ಇದೇ ಕ್ರಮ. 1860ರ ಭಾರತೀಯ ದಂಡ ಸಂಹಿತೆ ಕಳವನ್ನು ವಿವರಿಸುವಾಗ ಎ ಎಂಬವನು ಝಡ್ ಎಂಬವನ ಜಮೀನಿನ ಮರವನ್ನು ಅವನ ಒಪ್ಪಿಗೆಯಿಲ್ಲದೆ, ಹೊಡೆದುಕೊಳ್ಳುವ ಉದ್ದೇಶದಿಂದ ಕಡಿದ ಉದಾಹರಣೆ ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಎ ಮತ್ತು ಝಡ್ ಮುಂದುವರಿದಿದ್ದಾರೆ. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ ಇರುವ ಚಾಮರಾಜನಗರ ಜಿಲ್ಲೆಯಲ್ಲಿ ಮರ ಕಡಿದವನಿಗೆ ಹೆಸರು ಕೊಟ್ಟಿದ್ದರೆ ಓದುವವರ ಲಕ್ಷ್ಯ ಕಾನೂನಿನ ಮೇಲೆ ನಿಲ್ಲುತ್ತಿತ್ತೇ? ಯಾವ ಊರವನು, ಯಾವ ಜಾತಿಯವನು ಎಂಬ ಕಡೆಗೇ ಹರಿಯುತ್ತಿತ್ತು.

ತಪ್ಪು ಕಲ್ಪನೆ: ಎ, ಬಿ ಎಂದರೆ ಸಾಕು, ಹೆಸರು ಯಾಕೆ

ವಾಸ್ತವ: ಇಬ್ಬರಿದ್ದರೆ ಸಾಕು, ನಾಲ್ವರಾದರೆ ಸಾಲದು. ಎ ಕಳುಹಿಸಿದ ಸಂದೇಶವನ್ನು ಸಿ ಕದ್ದು ಓದಿ, ಡಿ ಹೆಸರಿನಲ್ಲಿ ಬಿಗೆ ಮರಳಿ ಕಳುಹಿಸಿದಾಗ ಬಿ ಅದನ್ನು ಎ ಕಳುಹಿಸಿದ್ದೆಂದು ನಂಬುತ್ತದೆಯೇ? ಈ ವಾಕ್ಯವನ್ನು ಎರಡು ಸಲ ಓದದೆ ಬಿಡಿಸಿಕೊಳ್ಳುವವರು ವಿರಳ. ಡಿಫಿ ಮತ್ತು ಹೆಲ್ಮನ್ ಗೂಢಲಿಪಿಯ ಬಗ್ಗೆ 1976ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಎ, ಬಿ ಎಂಬ ಅಕ್ಷರಗಳೇ ಇದ್ದವು. 1978ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಮೂವರೂ ತಮ್ಮ ಗೂಢಲಿಪಿ ವಿಧಾನ ಪ್ರಕಟಿಸಿದಾಗ ಆ ಅಕ್ಷರಗಳಿಗೆ ಆಲಿಸ್, ಬಾಬ್ ಎಂದು ಮೈ ಕೊಟ್ಟರು. ಮೊದಲಕ್ಷರ ಹಾಗೇ ಉಳಿಯಿತು, ಒಬ್ಬಳು ಹೆಣ್ಣು ಒಬ್ಬ ಗಂಡು ಆದರು.

ಈ ಹೆಣ್ಣು-ಗಂಡಿನ ಉಪಾಯ ಕನ್ನಡದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ನಮ್ಮ ಕ್ರಿಯಾಪದವೇ ಆಳನ್ನು ಗುರುತಿಸುತ್ತದೆ. ‘ಬೀಗ ಹಾಕಿ ಕಳುಹಿಸಿದಳು, ತೆಗೆದು ಓದಿದನು, ಉತ್ತರ ಬರೆದನು, ಸಹಿ ನೋಡಿ ಒಪ್ಪಿದಳು’ ಎಂದರೆ ಒಂದು ಹೆಸರೂ ಇಲ್ಲದೆ ಇಡೀ ವ್ಯವಹಾರ ಸ್ಪಷ್ಟ. ಕನ್ನಡದಲ್ಲಿ ತಾಂತ್ರಿಕ ಪಾಠ ಬರೆಯುವವರು ಈ ಅನುಕೂಲವನ್ನು ಬಳಸಿಕೊಳ್ಳದೆ ‘ಎ ಯು ಬಿ ಗೆ’ ಎಂದು ಒದ್ದಾಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಮುಂದೆ ಪಾತ್ರಗಳು ಬೆಳೆದವು. ಕದ್ದು ಕೇಳುವವಳು ಈವ್. ಸಂದೇಶವನ್ನೇ ತಿದ್ದಿ ಮೋಸ ಮಾಡುವವರು ಮ್ಯಾಲೊರಿ. ಎರಡೂ ಕಡೆಯವರು ನಂಬುವ ಮಧ್ಯಸ್ಥ ಟ್ರೆಂಟ್. ಬ್ರೂಸ್ ಶ್ನಯರ್ ತಮ್ಮ ಗೂಢಲಿಪಿ ಪುಸ್ತಕದಲ್ಲಿ 1994ರಲ್ಲಿ ಇವರ ಪಟ್ಟಿಯನ್ನೇ ಕೊಟ್ಟರು. ಹೆಸರು ಕಂಡ ತಕ್ಷಣ ಪಾತ್ರ ಏನೆಂದು ಬಲ್ಲವರಿಗೆ ಗೊತ್ತಾಗುತ್ತದೆ. ಪ್ರತಿ ಲೇಖಕರೂ ಹೊಸ ಹೆಸರು ಹುಡುಕಿದ್ದರೆ ಓದುಗರು ಪ್ರತಿ ಸಲ ಪರಿಚಯದಿಂದಲೇ ಶುರುಮಾಡಬೇಕಾಗುತ್ತಿತ್ತು.

ತಪ್ಪು ಕಲ್ಪನೆ: ಆಲಿಸ್ ಜಾಗಕ್ಕೆ ನಮ್ಮೂರ ಹೆಸರು ಹಾಕಿದರೆ ತಾನಾಗಿ ಸುಲಭವಾಗುತ್ತದೆ

ವಾಸ್ತವ: ಯಾವ ಹೆಸರು ಎಂಬುದನ್ನು ನೋಡಬೇಕು. ಶ್ರೀನಿ ಪಾರ್ಥಸಾರಥಿ ಎಂಬ ಕಂಪ್ಯೂಟರ್ ವಿಜ್ಞಾನಿ 2012ರಲ್ಲಿ ಆಲಿಸ್, ಬಾಬ್‌ಗೆ ರಜೆ ಕೊಟ್ಟು ಸೀತೆ, ರಾಮರನ್ನು ತರೋಣ, ಕದ್ದು ಕೇಳುವವನು ರಾವಣ ಆಗಲಿ ಎಂದು ಬರೆದರು. ಸಲಹೆ ಸೊಗಸಾಗಿದೆ, ನಮ್ಮ ಮಕ್ಕಳಿಗೆ ಪರಿಚಯ ಮಾಡಿಕೊಡುವ ಕಷ್ಟವಿಲ್ಲ. ಆದರೆ ಇವರು ಖಾಲಿ ಪಾತ್ರಗಳಲ್ಲ, ಜೊತೆಗೆ ಕಥೆಯನ್ನೂ ಹೊತ್ತು ತರುತ್ತಾರೆ. ರಾವಣ ಬಾಗಿಲ ಹಿಂದೆ ನಿಂತು ಕದ್ದು ಕೇಳಿದವನಲ್ಲ, ಸನ್ಯಾಸಿಯ ವೇಷದಲ್ಲಿ ಬಂದು ಮೋಸ ಮಾಡಿದವನು. ಅವನು ಈವ್ ಅಲ್ಲ, ಮ್ಯಾಲೊರಿ. ಪಾಠ ಓದುವ ಹುಡುಗಿ ಅಲ್ಲೇ ಎಡವುತ್ತಾಳೆ.

ಈ ಜಿಲ್ಲೆಯಲ್ಲಿ ಇನ್ನೂ ಹತ್ತಿರದ ಕಥೆಗಳಿವೆ. ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮ, ನೀಲಯ್ಯ, ಬಿಲ್ಲಯ್ಯ, ಕಾರಯ್ಯ ಯಾರಿಗೆ ಗೊತ್ತಿಲ್ಲ? ಗೊತ್ತಿರುವುದೇ ಇಲ್ಲಿ ಅಡ್ಡಿ. ಸಂಕಮ್ಮನ ಹೆಸರು ಕೇಳಿದ ತಕ್ಷಣ ಕಂಸಾಳೆಯವರ ದನಿಯಲ್ಲಿ ಅವಳು ಪಟ್ಟ ಪಾಡು ಕಿವಿಗೆ ಬರುತ್ತದೆ. ಸಾರ್ವಜನಿಕ ಕೀ, ಖಾಸಗಿ ಕೀ ಎಂಬ ಗೂಢಲಿಪಿಯ ಒಣ ವಿಚಾರಕ್ಕೆ ಆಕೆಯನ್ನು ಎಳೆದು ತರುವುದು ನ್ಯಾಯವೂ ಅಲ್ಲ.

ದಿನಬಳಕೆಯ ಹೆಸರುಗಳಿಗೂ ತೊಡಕಿದೆ. ಜಿಲ್ಲೆಯ ಹಾಜರಿ ಪುಸ್ತಕಗಳಲ್ಲಿ ಮಹದೇವಸ್ವಾಮಿ, ಮಾದಪ್ಪ, ಸಿದ್ದರಾಜು, ರಂಗಸ್ವಾಮಿ, ಮಹದೇವಮ್ಮ ಸಾಲುಗಟ್ಟಿರುತ್ತಾರೆ. ಮಾದೇಶ್ವರ, ಸಿದ್ದಪ್ಪಾಜಿ, ಬಿಳಿಗಿರಿರಂಗ ಮೂವರೂ ತಮ್ಮ ಹೆಸರನ್ನು ಮನೆಮನೆಗೆ ಹಂಚಿದ್ದಾರೆ. ‘ಮಹದೇವಸ್ವಾಮಿ ಸಾಲ ತೀರಿಸಲಿಲ್ಲ ಎಂದಿಟ್ಟುಕೊಳ್ಳಿ’ ಎಂದು ತರಗತಿಯಲ್ಲಿ ಹೇಳಿದರೆ ಇಡೀ ಕೋಣೆ ಒಂದೆರಡು ಮುಖಗಳ ಕಡೆ ತಿರುಗುತ್ತದೆ. ಬಡ್ಡಿಯ ಲೆಕ್ಕ ಅಲ್ಲಿಗೆ ನಿಂತಿತು.

ಹಾಗಾದರೆ ಭಾರತದ ಹೆಸರೇ ಬೇಡವೇ? ಬೇಕು. ನ್ಯಾಯಾಲಯಗಳನ್ನು ನೋಡಿ. ಯಾರೆಂದು ಗೊತ್ತಿಲ್ಲದ ಪ್ರತಿವಾದಿಯ ಮೇಲೆ ಕೊಡುವ ಆದೇಶಕ್ಕೆ ಪಶ್ಚಿಮದಲ್ಲಿ ‘ಜಾನ್ ಡೋ’ ಎನ್ನುತ್ತಾರೆ. 2002ರ ಫುಟ್‌ಬಾಲ್ ವಿಶ್ವಕಪ್ ಪ್ರಸಾರದ ವಿಚಾರದಲ್ಲಿ ದೆಹಲಿ ಹೈಕೋರ್ಟ್ ಅನಾಮಧೇಯ ಕೇಬಲ್‌ನವರ ಮೇಲೆ ಅಂಥ ಆದೇಶ ಕೊಟ್ಟಿತು. ನಮ್ಮ ವಕೀಲರ ಬಾಯಲ್ಲಿ ಅದು ‘ಅಶೋಕ್ ಕುಮಾರ್’ ಆದೇಶವೂ ಆಗಿದೆ. ದೇಶದಲ್ಲಿ ಅಶೋಕ್ ಕುಮಾರ್ ಎಂಬವರು ಅಸಂಖ್ಯ, ಆದರೂ ಕೋರ್ಟಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಬಳಸಿ ಆ ಹೆಸರು ಅಲ್ಲಿ ಖಾಲಿಯಾಗಿದೆ. ಕನ್ನಡದ ಪಾಠ ಬರೆಯುವವರು ಅ, ಬ, ಕ ಕ್ರಮದಲ್ಲಿ ಅನು, ಬಸು, ಕಮಲ ಎಂಬಂಥ ಮೂರು ನಾಲ್ಕು ಹೆಸರುಗಳನ್ನು ಒಪ್ಪಿಕೊಂಡು, ಎಲ್ಲರೂ ಅವನ್ನೇ ಬಳಸುತ್ತ ಹೋದರೆ ನಮಗೂ ಅದು ಸಾಧ್ಯ.

ತಪ್ಪು ಕಲ್ಪನೆ: ಫೂ, ಬಾರ್ ಅರ್ಥವಿಲ್ಲದ್ದರಿಂದ ನಿರುಪಯೋಗಿ

ವಾಸ್ತವ: ಅರ್ಥವಿಲ್ಲದಿರುವುದೇ ಅವುಗಳ ಉಪಯೋಗ. ಹೈಸ್ಕೂಲಿನಲ್ಲಿ ಛಂದಸ್ಸು ಕಲಿತವರಿಗೆ ‘ಯಮಾತಾರಾಜಭಾನಸಲಗಂ’ ನೆನಪಿದ್ದೇ ಇರುತ್ತದೆ. ಆ ಪದಕ್ಕೆ ಅರ್ಥ ಹುಡುಕಿದವರಿಲ್ಲ, ಅದರ ಗುರುಲಘುಗಳ ಸಾಲಷ್ಟೇ ನಮಗೆ ಬೇಕು. ಫೂ ಕೂಡ ಹಾಗೆ: ‘ಇಲ್ಲಿ ಹೆಸರು ಮುಖ್ಯವಲ್ಲ, ರಚನೆ ನೋಡು, ನಿನ್ನ ಹೆಸರು ನೀನು ಹಾಕಿಕೋ’ ಎಂಬ ಸೂಚನೆ. ಅಮೆರಿಕದ ಎಂಐಟಿಯ ಆಟಿಕೆ ರೈಲು ಸಂಘದ ಹುಡುಗರ 1959ರ ಪದಕೋಶದಲ್ಲೇ ಫೂ ಇತ್ತು. ಅದಕ್ಕೂ ಮೊದಲು 1930ರ ದಶಕದ ಒಂದು ಹಾಸ್ಯಚಿತ್ರಮಾಲೆಯಲ್ಲಿ ಕಾಣಿಸಿಕೊಂಡಿತ್ತು.

ಆದರೆ ಹೊಸದಾಗಿ ಕಲಿಯುವವರಿಗೆ ಫೂ ಕೊಡುವುದು ನನಗೆ ಒಪ್ಪಿಗೆಯಿಲ್ಲ. ರಚನೆ ಏನೆಂದೇ ಗೊತ್ತಿಲ್ಲದವರಿಗೆ ಖಾಲಿ ಹೆಸರು ಕೊಟ್ಟರೆ ಹಿಡಿಯಲು ಏನೂ ಸಿಗುವುದಿಲ್ಲ. ಗುಂಡ್ಲುಪೇಟೆಯ ಹುಡುಗಿಗೆ ಮೊದಲ ಪ್ರೋಗ್ರಾಂ ಅರಿಶಿನದ ತೂಕ, ಕ್ವಿಂಟಲ್‌ಗೆ ದರ, ಒಟ್ಟು ಹಣ ಎಂದೇ ಇರಲಿ. ರಚನೆ ಕೈಗೆ ಬಂದ ಮೇಲೆ ಫೂ ತಾನಾಗಿ ಅರ್ಥವಾಗುತ್ತದೆ.

ತಪ್ಪು ಕಲ್ಪನೆ: ಫೋನ್ ನಂಬರು, ವಿಳಾಸಕ್ಕೆ ಬಾಯಿಗೆ ಬಂದದ್ದನ್ನು ಬರೆದರೆ ಆಯಿತು

ವಾಸ್ತವ: ನಿಜವಾದ ಹಾನಿ ಆಗುವುದು ಇಲ್ಲಿ. 2024ರ ಅಕ್ಟೋಬರ್ 31ರಂದು ಬಿಡುಗಡೆಯಾದ ತಮಿಳಿನ ‘ಅಮರನ್’ ಚಿತ್ರದಲ್ಲಿ ನಾಯಕಿಯ ಫೋನ್ ನಂಬರು ತೆರೆಯ ಮೇಲೆ ಕಂಡಿತು. ಅದು ಚೆನ್ನೈನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯದು. ಆತನಿಗೆ ಹಗಲು ರಾತ್ರಿ ಕರೆಗಳು ಬಂದವು. ಓದು, ನಿದ್ದೆ ಎರಡೂ ಹಾಳಾಗಿ 1.1 ಕೋಟಿ ರೂಪಾಯಿ ಪರಿಹಾರ ಕೇಳಿ ನೋಟಿಸ್ ಕಳುಹಿಸಿದ. ಅಮೆರಿಕದಲ್ಲಿ ಇಂಥದಕ್ಕೆಂದೇ 555-0100ರಿಂದ 555-0199ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ.

ನಮ್ಮಲ್ಲಿ ಮಾದರಿ ಅರ್ಜಿಗಳಲ್ಲಿ ಬರೆಯುವ 98765 43210 ನೋಡಲು ಸುಳ್ಳೆನಿಸುತ್ತದೆ. ಆದರೆ ಭಾರತದ ಮೊಬೈಲ್ ಸಂಖ್ಯೆಗೆ 10 ಅಂಕಿ ಇರಬೇಕು, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗಬೇಕು. ಈ ಸಂಖ್ಯೆ ಎರಡನ್ನೂ ಪಾಲಿಸುತ್ತದೆ, ಅಂದರೆ ಯಾರದ್ದಾದರೂ ಆಗಬಹುದು. 00000 00000 ಎಂದು ಬರೆದರೆ ಯಾರ ಜೇಬಿನಲ್ಲೂ ಗಂಟೆ ಬಾರಿಸದು. ಪ್ಯಾನ್ ಕಾರ್ಡಿಗೆ ಎಬಿಸಿಡಿಇ1234ಎಫ್ ಎಂಬ ಮಾದರಿ ಚಾಲ್ತಿಯಲ್ಲಿದೆ, ಅದು ಒಳ್ಳೆಯ ಆಯ್ಕೆ. ಪ್ಯಾನ್‌ನ ನಾಲ್ಕನೇ ಅಕ್ಷರ ಯಾವ ಬಗೆಯ ತೆರಿಗೆದಾರ ಎಂದು ಹೇಳುತ್ತದೆ: ವ್ಯಕ್ತಿಗೆ ಪಿ, ಕಂಪನಿಗೆ ಸಿ. ಡಿ ಎಂಬ ಬಗೆ ಇಲ್ಲ. ಪಿನ್ ಕೋಡಿಗೂ ಹೀಗೇ. 571313 ಎಂದರೆ ಚಾಮರಾಜನಗರ, 571111 ಎಂದರೆ ಗುಂಡ್ಲುಪೇಟೆ. ಸೊನ್ನೆಯಿಂದ ಶುರುವಾಗುವ ಪಿನ್ ದೇಶದಲ್ಲೇ ಇಲ್ಲವಾದ್ದರಿಂದ 000000 ಸುರಕ್ಷಿತ.

ಇಂಟರ್‌ನೆಟ್ ಕಟ್ಟಿದವರು ಇದನ್ನು ಬೇಗ ಅರಿತರು. 1999ರ ಜೂನ್‌ನಲ್ಲಿ ಆರ್‌ಎಫ್‌ಸಿ 2606 ಎಂಬ ದಾಖಲೆ ‘ಎಕ್ಸಾಂಪಲ್ ಡಾಟ್ ಕಾಮ್’ ಮೊದಲಾದ ವಿಳಾಸಗಳನ್ನು ಉದಾಹರಣೆಗೆಂದೇ ಕಾಯ್ದಿರಿಸಿತು. 2010ರಲ್ಲಿ ಆರ್‌ಎಫ್‌ಸಿ 5737, 192.0.2.0ಯಿಂದ ಶುರುವಾಗುವ 256 ಸಂಖ್ಯೆಗಳ ಜೊತೆ ಇನ್ನೆರಡು ಗುಂಪುಗಳನ್ನು ಪಾಠಪುಸ್ತಕಗಳಿಗೆ ಬಿಟ್ಟುಕೊಟ್ಟಿತು. 2007ರಲ್ಲಿ ಬೇರೆ ಲಿಪಿಗಳ ವಿಳಾಸ ನಡೆಯುತ್ತದೆಯೇ ಎಂದು ನೋಡಲು 11 ಪರೀಕ್ಷಾ ಹೆಸರುಗಳನ್ನು ತೆರೆದರು. ಹಿಂದಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಗಡಿಯಾಚೆಯ ತಾಳವಾಡಿಯ ಅಂಗಡಿ ಫಲಕದಲ್ಲಿರುವ ತಮಿಳಿಗೆ ಸಿಕ್ಕ ಅವಕಾಶ ಈಚೆಯ ಕನ್ನಡಕ್ಕೆ ಸಿಗಲಿಲ್ಲ.

ಬಾಯಿಗೆ ಬಂದದ್ದನ್ನು ಬರೆಯುವುದಕ್ಕಿಂತ ಗಂಭೀರವಾದದ್ದು ನಮ್ಮ ಜೆರಾಕ್ಸ್ ಅಂಗಡಿಗಳ ರೂಢಿ. ಅರ್ಜಿ ತುಂಬುವುದು ಹೇಗೆಂದು ತೋರಿಸಲು ಹಿಂದೆ ಬಂದ ಯಾರದೋ ತುಂಬಿದ ಅರ್ಜಿಯ ನಕಲನ್ನೇ ಗಾಜಿನಡಿ ಇಟ್ಟುಬಿಡುತ್ತಾರೆ. ಆ ರೈತನ ಆಧಾರ್, ಪಹಣಿ, ಬ್ಯಾಂಕ್ ಖಾತೆ ಎಲ್ಲವೂ ಬಂದವರ ಕಣ್ಣೆದುರು. ಖಾಲಿ ಅರ್ಜಿಯೊಂದನ್ನು ಸೊನ್ನೆಗಳಿಂದ ತುಂಬಿ, ಮೇಲೆ ‘ಮಾದರಿ’ ಎಂದು ದಪ್ಪಗೆ ಬರೆದಿಡಲು ಐದು ನಿಮಿಷ ಸಾಕು.

ತಪ್ಪು ಕಲ್ಪನೆ: ಪಾಠಕ್ಕೆ ಒಳ್ಳೆಯದಾದ ಮಾದರಿ ಹೆಸರು ಸಾಫ್ಟ್‌ವೇರ್ ಪರೀಕ್ಷೆಗೂ ಒಳ್ಳೆಯದು

ವಾಸ್ತವ: ಎರಡೂ ಬೇರೆ. ವಿವರಿಸುವಾಗ ಹೆಸರು ಖಾಲಿಯಾಗಿರಬೇಕು, ಪರೀಕ್ಷಿಸುವಾಗ ನಿಜ ಬದುಕಿನಷ್ಟೇ ತೊಡಕಾಗಿರಬೇಕು. ಜಾನ್ ಸ್ಮಿತ್ ಎಂದು ಪರೀಕ್ಷಿಸಿದ ಅರ್ಜಿ ಕುಟುಂಬದ ಹೆಸರು ಕಡ್ಡಾಯ ಎನ್ನುತ್ತದೆ. ಅಪ್ಪನ ಹೆಸರಿನ ಒಂದಕ್ಷರ ಮುಂದೆ ಇಟ್ಟುಕೊಳ್ಳುವ ನಮ್ಮ ಜನ ಅಲ್ಲಿ ಬರಿಯ ಚುಕ್ಕಿ ಹಾಕಬೇಕಾಗುತ್ತದೆ. ಮುಂದೆ ಬ್ಯಾಂಕಿನ ದಾಖಲೆಗೆ ಅದು ಹೊಂದುವುದಿಲ್ಲ. ಹುಟ್ಟಿದ ದಿನಾಂಕ ಗೊತ್ತಿಲ್ಲದ ಹಿರಿಯರಿಗೆ ಶಾಲೆಯ ಮೇಷ್ಟ್ರು ಬರೆಸಿದ ಜೂನ್ 1, ಆಧಾರ್‌ನಲ್ಲಿ ಕೂತ ಜನವರಿ 1 ಕೂಡ ಮಾದರಿಗಳೇ. ಪಿಂಚಣಿ ಬರಬೇಕಾದ ಹೊತ್ತಿಗೆ ಅವು ನಿಜವಾಗಿಬಿಟ್ಟಿರುತ್ತವೆ.

ಈ ಜಿಲ್ಲೆಗೆ ತಂತ್ರಾಂಶ ಮಾಡುವವರ ಪರೀಕ್ಷಾ ಪಟ್ಟಿಯಲ್ಲಿ ಕೆಲವು ಇರಲೇಬೇಕು. ಒಂದೇ ಇನಿಷಿಯಲ್ಲಿನ ಇಬ್ಬರು ಮಹದೇವಸ್ವಾಮಿ, ಇನಿಷಿಯಲ್ಲೇ ಇಲ್ಲದ ಮಾದಿ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಹೋಬಳಿ, ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿ. 1997ಕ್ಕೆ ಮುಂಚಿನ, ಚಾಮರಾಜನಗರ ಇನ್ನೂ ಜಿಲ್ಲೆಯಾಗದಿದ್ದ ಕಾಲದ ಒಂದು ದಾಖಲೆ, ಗುಂಡ್ಲುಪೇಟೆ ತಾಲ್ಲೂಕು, ಮೈಸೂರು ಜಿಲ್ಲೆ ಎಂಬ ವಿಳಾಸದ ಸಮೇತ. ಇವೆಲ್ಲವನ್ನೂ ದಾಟಿ ಬಂದ ಅರ್ಜಿಯನ್ನು ಜನರ ಮುಂದಿಡಬಹುದು.