ಗಣಪತಿ ಸ್ತುತಿಗೆ ಪುರಸೊತ್ತಿಲ್ಲ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ನಿಪನಾಳ ಎಂಬ ಹಳ್ಳಿಯ ಹೆಸರು ಬೆಂಗಳೂರಿನವರ ಬಾಯಿಗೆ ಬಂದದ್ದು ಒಂದು ಹಾಡಿನಿಂದ: ಮಾಳು ನಿಪನಾಳ ಅವರ ‘ನಾ ಡ್ರೈವರ’. ಕಾಲೇಜು ಹುಡುಗರಿಂದ ಹಿಡಿದು ಮದುವೆಮನೆಯ ಹಿರಿಯರ ತನಕ ಅದಕ್ಕೆ ರೀಲ್ಸ್ ಮಾಡದವರಿಲ್ಲ. 2025ರಲ್ಲಿ ಗಾಯಕರು ಬಿಗ್ ಬಾಸ್ ಮನೆಯನ್ನೂ ಹೊಕ್ಕರು. ಇಷ್ಟಾಗಿ, ಇಡೀ ಹಾಡು ಕೇಳಿದವರು ಎಷ್ಟು ಜನವೋ! ಊರೂರು ಸುತ್ತಿದ್ದು ಪಲ್ಲವಿಯ ತುಣುಕು. ಹಾಡುವವನು ಯಾರು, ಯಾರಿಗೆ ಹಾಡುತ್ತಿದ್ದಾನೆ ಎಂಬುದೆಲ್ಲ ಮೊದಲ ಉಸಿರಿನಲ್ಲೇ ಗೊತ್ತಾಗಿಬಿಡುತ್ತದೆ.

ರೀಲ್ಸಿನ ‘ಸ್ಟಾರ್ಟಿಂಗ್’ ಹೀಗೆ ಹಿಡಿಯದಿದ್ದರೆ ನೋಡುವವನ ಹೆಬ್ಬೆರಳು ವಿಡಿಯೊವನ್ನು ಮೇಲಕ್ಕೆ ತಳ್ಳುತ್ತದೆ. ಈ ಪಾಠವನ್ನು ನಮ್ಮವರಿಗೆ ಮೊಬೈಲೇ ಕಲಿಸಿತು ಅಂತ ನನಗನ್ನಿಸುವುದಿಲ್ಲ. ನನ್ನ ಗುಮಾನಿ ಕಬ್ಬಿನ ಟ್ರ್ಯಾಕ್ಟರ್ ಮೇಲೆ. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಹುಟ್ಟಿತು. ಇಂದು ಅಥಣಿ, ಕಾಗವಾಡ, ಚಿಕ್ಕೋಡಿ, ಎಲ್ಲಿ ಹೋದರೂ ಕಬ್ಬೇ. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ದೊಡ್ಡ ಸ್ಪೀಕರ್, ಅದರಲ್ಲಿ ಜಾನಪದ ಸಾಂಗು. ರಸ್ತೆ ಬದಿ ನಿಂತವನ ಕಿವಿಗೆ ಬೀಳುವುದು ಗಾಡಿ ಹಾಯ್ದು ಹೋಗುವಷ್ಟೇ ಹೊತ್ತು. ಅಷ್ಟರಲ್ಲಿ ಅವನು ತಿರುಗಿ ನೋಡಬೇಕು.

ಉಳಿದದ್ದು ಬೇಗ ನಡೆಯಿತು. 2016ರಲ್ಲಿ ಜಿಯೊ ಬಂತು, ಹಿಂದೆಯೇ ಟಿಕ್‌ಟಾಕ್. 2020ರ ಜೂನ್ 29ರಂದು ಅದು ನಿಷೇಧವಾದ ಮೇಲೆ ಜುಲೈಗೆ ರೀಲ್ಸ್, ಸೆಪ್ಟೆಂಬರಿಗೆ ಯೂಟ್ಯೂಬ್ ಶಾರ್ಟ್ಸ್. ಆರಂಭದಲ್ಲಿ ಎರಡಕ್ಕೂ 15 ಸೆಕೆಂಡಿನ ಮಿತಿ.

ಈ ಆತುರದಲ್ಲಿ ನಮ್ಮವರು ತಮ್ಮದೇ ಹಳೆಯ ವಿದ್ಯೆಯನ್ನು ಮರೆತರು; ನನಗೆ ಸಿಟ್ಟು ಬರುವುದು ಇಲ್ಲಿ. ಕುಲಗೋಡ ತಮ್ಮಣ್ಣ ಬಯಲಾಟಕ್ಕೆ ಅಳವಡಿಸಿದ ಶ್ರೀಕೃಷ್ಣ ಪಾರಿಜಾತ ಹತ್ತೊಂಬತ್ತನೆಯ ಶತಮಾನದಿಂದ ಇದೇ ಸೀಮೆಯಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಶುರುವಿಗೆ ಗಣಪತಿ ಸ್ತುತಿ. ಅದು ಬರೀ ಭಕ್ತಿಯ ಮಾತಲ್ಲ. ಉಂಡು ಬರುವವರು ಬರಬೇಕು, ನೆರೆಯೂರಿನ ಚಕ್ಕಡಿಗಳು ತಲುಪಬೇಕು, ಕೂಸುಗಳು ಮಲಗಬೇಕು. ಅಲ್ಲಿಯವರೆಗೆ ಮೇಳ ಹಾಡುತ್ತಲೇ ಇರುತ್ತಿತ್ತು. ಹಾಗಂತ ಜನರನ್ನು ಹಿಡಿದು ಕೂರಿಸುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲವೇ? ಗೊಲ್ಲತಿ ರಂಗಕ್ಕೆ ಬಂದಳೆಂದರೆ ಭಾಗವತ ಅವಳನ್ನು ತಡೆದು ಕೇಳುತ್ತಾನೆ: ಯಾರು, ಎಲ್ಲಿಂದ ಬಂದೆ? ಅವಳು ನೆಟ್ಟಗೆ ಉತ್ತರ ಕೊಟ್ಟರೆ ತಾನೆ! ಮಾತಿಗೆ ಮಾತು ಬೆಳೆದು, ತೂಕಡಿಸುತ್ತಿದ್ದವನೂ ಎದ್ದು ಕೂರುತ್ತಾನೆ. ಎದುರುಬದುರು ನಿಂತು ಲಾವಣಿ ಹಾಡುವ ಹರದೇಶಿ–ನಾಗೇಶಿ ಮೇಳಗಳ ಸವಾಲ್‌ ಜವಾಬಿನದೂ ಇದೇ ಹಿಕಮತ್ತು. ಸವಾಲು ಎಸೆದಾಯಿತು, ಎದುರು ಮೇಳ ಜವಾಬು ಕೊಡುವ ತನಕ ಯಾರೂ ಕದಲುವುದಿಲ್ಲ. ಇದರ ಮುಂದೆ ಇಂದಿನ ವಿಡಿಯೊಗಳ ‘ಕೊನೀತನಕ ನೋಡ್ರಿ’ ಎಂಬುದು ಬರೀ ಅಂಗಲಾಚುವಿಕೆ. ಸವಾಲೇ ಇಲ್ಲದೆ ಜವಾಬಿಗೆ ಕಾಯಿರಿ ಎಂದರೆ ಯಾರು ಕಾಯುತ್ತಾರೆ?

ಒಳ್ಳೆಯ ವಿಡಿಯೊ ಮಾಡುವ ಹುಡುಗರೂ ಇದ್ದಾರೆ ಅನ್ನಿ. ಹೊಲದ ಬದುವಿನಲ್ಲೇ ಫೋನು ನಿಲ್ಲಿಸಿ, ಗಂಡ ಹೆಂಡತಿಯ ಜಗಳವನ್ನು ನಟ್ಟನಡುವಿನಿಂದ ಶುರುಮಾಡುವವರಿಗೆ ಪಾರಿಜಾತದ ಹೆಸರು ಗೊತ್ತಿರದಿದ್ದರೂ ಭಾಗವತನ ವರಸೆ ಕೈಗೆ ಬಂದಿದೆ.

2024ರ ಅಕ್ಟೋಬರಿನಲ್ಲಿ ಯೂಟ್ಯೂಬು ಶಾರ್ಟ್ಸ್ ಮಿತಿಯನ್ನು ಮೂರು ನಿಮಿಷಕ್ಕೆ ಏರಿಸಿತು. ಒಂದು ಚಿಕ್ಕ ಸ್ತುತಿಗೆ ಸಾಕಾಗುವಷ್ಟು ಹೊತ್ತು. ಹಾಡಿ ಹಾಕಿದವರನ್ನು ನಾನಂತೂ ಕಂಡಿಲ್ಲ.