ಮಗುವಿನ ಕೈ ಹಿಡಿದೆಳೆಯುವ ಮುನ್ನ

ಸೋಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ಕುರನೂರ ಬೋರಿ ನದಿಯ ಅಣೆಕಟ್ಟಿನಿಂದ ಹೆಸರಾದ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಕಾಸರಗೋಡಿನಂತೆ ಹೊರಗುಳಿದ ಕನ್ನಡ ಸೀಮೆಯದು. ಅಲ್ಲಿಯವರು ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಡಲಿ, ನಾವು ಮಧೂರಿಗೆ ಹೊರಡಲಿ, ಬಸ್ಸಿನ ನೂಕುನುಗ್ಗಲಿನಲ್ಲಿ ಹಿರಿಯರು ಮಾಡುವುದೊಂದೇ: ಮಗುವಿನ ಒಂದು ಕೈ ಹಿಡಿದು ಮೇಲಕ್ಕೆಳೆಯುವುದು. ಎಳೆಯ ಮೊಣಕೈಯ ಕೀಲು ಜಾರಲು ಅಷ್ಟೇ ಸಾಕು.

ಮೊಣಕೈಯಲ್ಲಿ ಮೂರು ಎಲುಬುಗಳು ಕೂಡುತ್ತವೆ. ಅವುಗಳನ್ನು ಬಿಗಿದಿಡುವ ನಾರಿನ ಪಟ್ಟಿಗಳಿಗೆ ಅಸ್ಥಿರಜ್ಜು ಎಂದು ಹೆಸರು. ಮುಂಗೈಯ ಹೆಬ್ಬೆರಳ ಬದಿಯ ಎಲುಬಿನ ತಲೆಯನ್ನು ಇಂತಹ ಒಂದು ಪಟ್ಟಿ ಉಂಗುರದಂತೆ ಸುತ್ತಿರುತ್ತದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಈ ಉಂಗುರ ಸಡಿಲ. ಚಾಚಿದ ಕೈಯನ್ನು ಥಟ್ಟನೆ ಎಳೆದರೆ ಅದು ಜಾರಿ ಎಲುಬುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಐದು ವರ್ಷ ದಾಟಿದ ಮೇಲೆ ಪಟ್ಟಿ ಗಟ್ಟಿಯಾಗುವುದರಿಂದ ಹೀಗಾಗುವುದು ಅಪರೂಪ.

ಮಗು ಅಳುತ್ತದೆ, ಕೈಯನ್ನು ತುಸು ಮಡಚಿ ಮೈಗೆ ಒತ್ತಿಕೊಂಡು, ಆಟಿಕೆ ಕೊಟ್ಟರೂ ಚಾಚುವುದಿಲ್ಲ. ಬಾವು ಸಾಮಾನ್ಯವಾಗಿ ಕಾಣದು. ಆದುದರಿಂದ ಮನೆಯವರು ಉಳುಕೆಂದು ಬಗೆದು ಎಣ್ಣೆ ಹಚ್ಚಿ ತಿಕ್ಕುವುದುಂಟು. ಇದು ಸಲ್ಲದು. ತಿಳಿದ ವೈದ್ಯರು ಮುಂಗೈಯನ್ನು ಹದವಾಗಿ ತಿರುಗಿಸಿದರೆ ಪಟ್ಟಿ ಸ್ವಸ್ಥಾನಕ್ಕೆ ಬರುತ್ತದೆ. ಹೆಚ್ಚಿನ ಮಕ್ಕಳು ಸ್ವಲ್ಪ ಹೊತ್ತಿನಲ್ಲೇ ಆ ಕೈಯಿಂದ ಆಡತೊಡಗುತ್ತಾರೆ. ಆದರೆ ಬಿದ್ದು ಪೆಟ್ಟಾಗಿದ್ದರೆ, ಬಾವು ಬಂದಿದ್ದರೆ, ಕೈ ಸೊಟ್ಟಗೆ ಕಂಡರೆ ಎಲುಬು ಮುರಿದಿರಬಹುದು. ಆಗ ಯಾರೂ ತಿರುಗಿಸಕೂಡದು; ಕ್ಷಕಿರಣ ಪರೀಕ್ಷೆ ಮೊದಲು.

ಕೆಲವರಿಗೆ ಹುಟ್ಟಿನಿಂದಲೇ ಕೀಲುಗಳು ಸಡಿಲ. ಒಂದೇ ಮನೆತನದ ಹಲವರಲ್ಲಿ ಇದು ಕಾಣುವುದುಂಟು. ಕೈ ನೀಡಿದಾಗ ಮೊಣಕೈ ನೇರವನ್ನು ಮೀರಿ 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗುವುದು ಅದರ ಒಂದು ಗುರುತು. ನೋವಿಲ್ಲದಿದ್ದರೆ ಇದು ರೋಗವಲ್ಲ. ಆದರೆ ರಜ್ಜು ಸಡಿಲವಾದಷ್ಟೂ ಕೀಲನ್ನು ಕಾಯುವ ಹೊಣೆ ಸ್ನಾಯುಗಳ ಮೇಲೆ ಬೀಳುತ್ತದೆ. ಇಂಥವರು ಕುಸ್ತಿ, ಕಬಡ್ಡಿಗೆ ಇಳಿಯುವ ಮುನ್ನ ತೋಳು ಬಲಪಡಿಸಿಕೊಳ್ಳುವುದು ಒಳಿತು. ಕೈ ಊರಿ ಏಳುವಾಗ ಕೀಲು ಕಳಚಿದಂತೆ ಅನಿಸಿದರೆ ಎಲುಬುತಜ್ಞರಿಗೆ ತೋರಿಸಬೇಕು.

ಮಕ್ಕಳ ಮಟ್ಟಿಗೆ ಉಪಾಯ ಸುಲಭ. ಎತ್ತುವಾಗ ಎರಡೂ ಕಂಕುಳಲ್ಲಿ ಕೈಯಿಟ್ಟು ಎತ್ತಿರಿ. ಕೈ ಹಿಡಿದು ಜೋಕಾಲಿಯಾಡಿಸಬೇಡಿ. ಒಮ್ಮೆ ಜಾರಿದ ಮೊಣಕೈ ಮತ್ತೆ ಜಾರಬಹುದೆಂಬುದನ್ನು ಅಜ್ಜ ಅಜ್ಜಿಯರಿಗೂ ತಿಳಿಸಿರಿ.